ಪಾಸ್‌ಪೋರ್ಟಿಗೆ ಹಚ್ಚಿದ ಅರಿಶಿನ

2023ರಲ್ಲಿ ನಾನು ಮಧುಗಿರಿಯ ಬಸ್ ನಿಲ್ದಾಣದ ಎದುರು ಪಾಸ್‌ಪೋರ್ಟ್, ವೀಸಾ ಅರ್ಜಿ ತುಂಬಿಕೊಡುವ ಕಚೇರಿ ನಡೆಸುತ್ತಿದ್ದೆ. ಕಚೇರಿ ಎಂದರೆ ಒಂದು ಕಂಪ್ಯೂಟರ್, ಒಂದು ಸ್ಕ್ಯಾನರ್, ಗೋಡೆಯ ಮೇಲೊಂದು ದೇವರ ಫೋಟೋ. ಹದಿನೆಂಟು ವರ್ಷಗಳಲ್ಲಿ ನನ್ನ ತಪ್ಪಿನಿಂದ ಒಂದು ಅರ್ಜಿಯೂ ವಾಪಸ್ ಬಂದಿಲ್ಲವೆಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ. ಆ ಜಂಭವೇ ಮುಂದೆ ನನ್ನ ಬಾಯಿ ಕಟ್ಟಿತು.

ಆ ಬೇಸಿಗೆಯಲ್ಲಿ ಪುರವರದ ಮಂಜುಳಾ ಬಂದರು. ಇಪ್ಪತ್ತು ಹೆಂಗಸರನ್ನು ಸೇರಿಸಿಕೊಂಡು ಹುಣಸೆಹಣ್ಣಿನ ಬೀಜ ತೆಗೆಸಿ, ಪೊಟ್ಟಣ ಕಟ್ಟಿ ಮಾರುತ್ತಿದ್ದವರು. ಜರ್ಮನಿಯ ವ್ಯಾಪಾರಿಯೊಬ್ಬರು ಅವರ ಮಾದರಿ ಮೆಚ್ಚಿದ್ದರು. ಹನ್ನೆರಡು ದಿನದೊಳಗೆ ಬಂದು ಮಾತಾಡಿದರೆ ವರ್ಷಪೂರ್ತಿ ಖರೀದಿ, ಇಲ್ಲದಿದ್ದರೆ ಬೇರೆಯವರಿಗೆ ಎಂದು ಬರೆದಿದ್ದರು.

“ಹೆಂಗಾರ ಮಾಡಿ ಕಳ್ಸಿ ಸಾರ್. ವರ್ಸೆಲ್ಲಾ ಕೆಲ್ಸ ಸಿಕ್ಕಿದ್ರೆ ನಮ್ಮ ಹೆಂಗಸ್ರು ದಿನಾ ಬಸ್ ಹತ್ತಿ ಗಾರ್ಮೆಂಟ್ಸ್‌ಗೆ ಹೋಗೋದು ತಪ್ತದೆ,” ಅಂದರು.

ವ್ಯಾಪಾರದ ವೀಸಾಕ್ಕೆ ಆಹ್ವಾನ ಪತ್ರ, ವಿಮೆ, ಬ್ಯಾಂಕ್ ವಿವರ ಬೇಕು. ಬೆರಳಚ್ಚು ಕೊಡಲು ಅರ್ಜಿದಾರರೇ ಬೆಂಗಳೂರಿನ ಕೇಂದ್ರಕ್ಕೆ ಹೋಗಬೇಕು. ಎರಡು ದಿನ ಕಂಪ್ಯೂಟರ್ ಮುಂದೆ ಕೂತು, ಯಾರೋ ಬಿಟ್ಟುಕೊಟ್ಟ ಒಂದು ಅಪಾಯಿಂಟ್‌ಮೆಂಟ್ ಹಿಡಿದೆ. ಹಿಂದಿನ ಸಂಜೆ ಮಂಜುಳಾ ಪಾಸ್‌ಪೋರ್ಟನ್ನು ನನ್ನ ಬಳಿ ಬಿಟ್ಟುಹೋದರು.

ಮುಖ್ಯವಾದ ಕಾಗದಕ್ಕೆ, ಲಗ್ನಪತ್ರಿಕೆಗೆ ಹಚ್ಚುವ ಹಾಗೆ, ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದಿಡುವುದು ನನ್ನ ರೂಢಿ. ಎಂದಿನಂತೆ ಹೊರಗಿನ ಲಕೋಟೆಗೆ ಹಚ್ಚಿದ್ದರೆ ಸಾಕಿತ್ತು. ಕೆಲಸ ದೊಡ್ಡದು, ದೇವರ ಕಣ್ಣಿಗೆ ಚೆನ್ನಾಗಿ ಬೀಳಲಿ ಎಂದು ಪಾಸ್‌ಪೋರ್ಟಿನ ಒಳಪುಟಕ್ಕೇ ಹಚ್ಚಿ, ಒದ್ದೆಯಿರುವಾಗಲೇ ಮುಚ್ಚಿಟ್ಟೆ. ಬೆಳಿಗ್ಗೆ ತೆಗೆದರೆ ಹಳದಿ ಎದುರಿನ ಫೋಟೋ ಪುಟಕ್ಕೆ ಹತ್ತಿತ್ತು. ಬಟ್ಟೆಯಿಂದ ಉಜ್ಜಿದೆ. ಯಂತ್ರ ಓದುವ ಕೆಳಗಿನ ಎರಡು ಸಾಲು ಇನ್ನಷ್ಟು ಮಂಕಾದವು. ಹೇಗೋ ನಡೆದುಹೋಗುತ್ತದೆ ಎಂದುಕೊಂಡು ಬಸ್ ಹತ್ತಿದೆ. ಪಕ್ಕದಲ್ಲೇ ಕೂತಿದ್ದ ಮಂಜುಳಾಗೆ ಹೇಳಲಿಲ್ಲ.

ಕೇಂದ್ರದೊಳಗೆ ಅರ್ಜಿದಾರರಿಗೆ ಮಾತ್ರ ಪ್ರವೇಶ. ಕಾಲು ಗಂಟೆಯಲ್ಲೇ ಆಕೆ ಹೊರಗೆ ಬಂದರು.

“ಪುಟ ಹಾಳಾಗೈತೆ, ಹೊಸ ಪಾಸ್‌ಪೋರ್ಟ್ ಮಾಡಿಸ್ಕಂಡ್ ಬನ್ನಿ ಅಂದ್ರು. ಹೆಂಗಾಯ್ತು ಸಾರ್ ಇದು?”

ನಾನು ಕೇಳಿದೆ: “ಮನೇಲಿ ಪೂಜೆಗೆ ಏನಾದ್ರೂ ಇಟ್ಟಿದ್ರೇನಮ್ಮ?”

ಆಕೆ ಯೋಚಿಸಿದರು. “ನಮ್ಮತ್ತೆ ದೇವ್ರ ಗೂಡಲ್ಲಿ ಇಟ್ಟಿದ್ರು.”

“ಅದೇ ಮತ್ತೆ,” ಅಂದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ತತ್ಕಾಲ್‌ನಲ್ಲಿ ಹೊಸ ಪಾಸ್‌ಪೋರ್ಟ್ ಬೇಗನೇ ಬಂತು. ವೀಸಾದ ಅಪಾಯಿಂಟ್‌ಮೆಂಟ್ ಮಾತ್ರ ಮತ್ತೆ ಸಿಗಲಿಲ್ಲ. ಖರೀದಿ ಬೇರೆಯವರ ಪಾಲಾಯಿತು.

ಬೆಂಗಳೂರಿಗೆ ಹೋಗಿಬಂದು ಮೂರು ವಾರ ಕಳೆದ ಮೇಲೆ ಮಂಜುಳಾರ ಅತ್ತೆ ಕೆಂಪಮ್ಮ ಒಬ್ಬರೇ ನನ್ನ ಕಚೇರಿಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ನಾನೇ ಹಚ್ಚಿರ್ಬೇಕು ಕಣಪ್ಪ. ಹಚ್ಚಿದ್ದು ನೆಪ್ಪಿಲ್ಲ, ವಯಸ್ಸಾಯ್ತು. ನಿನ್ ಕೆಲ್ಸಾನೂ ಕೆಡಿಸ್ಬುಟ್ಟೆ, ಬೇಜಾರು ಮಾಡ್ಕಬೇಡ.”

ಮಾಡದ ತಪ್ಪಿಗೆ ಆ ಹೆಂಗಸು ನನ್ನನ್ನೇ ಕ್ಷಮೆ ಕೇಳುತ್ತಿದ್ದರು. ಅರಿಶಿನದ ಬಟ್ಟಲು ನನ್ನ ಮೇಜಿನ ಮೇಲೇ ಇತ್ತು.

“ನೀವಲ್ಲ ಅವ್ವ. ಹಚ್ಚಿದ್ದು ನಾನು,” ಅಂದೆ.

ಅವರು ಬಟ್ಟಲನ್ನೂ ನನ್ನನ್ನೂ ನೋಡಿದರು. ಬೈಯಲಿಲ್ಲ. “ಅಂಗಾದ್ರೆ ಬಂದು ನನ್ ಸೊಸೆಗೆ ಹೇಳು. ಅವತ್ತಿಂದ ಅವ್ಳು ನನ್ ಕೈಲಿ ದೀಪ ಹಚ್ಚುಸ್ತಿಲ್ಲ.”

ಬಾಗಿಲು ಹಾಕಿ ಅವರ ಜೊತೆಯಲ್ಲೇ ಪುರವರಕ್ಕೆ ಹೋದೆ. ನಡೆದದ್ದನ್ನೆಲ್ಲ ನಿಂತುಕೊಂಡೇ ಹೇಳಿದೆ. ಮಂಜುಳಾ ಹುಣಸೆಹಣ್ಣಿನ ತಟ್ಟೆಯಿಂದ ಕೈ ತೆಗೆಯದೆ ಕೇಳಿದರು.

“ಅವತ್ತೇ ಹೇಳಿದ್ರೆ ಹೋಗ್ತಿದ್ದಿದ್ದು ಯಾಪಾರ ಒಂದೇ ಸಾರ್,” ಅಂದರು. ಆಮೇಲೆ ಎದ್ದು ಕೈ ತೊಳೆದುಕೊಂಡು, ಗೂಡಿನಿಂದ ಬೆಂಕಿಪೊಟ್ಟಣ ತಂದು ಅತ್ತೆಯ ಕೈಗಿಟ್ಟರು. ನನ್ನ ಕಡೆ ಮತ್ತೆ ನೋಡಲಿಲ್ಲ.

ಪ್ರತಿ ಅರ್ಜಿಯ ಕೊನೆಗೆ ‘ಮೇಲಿನ ಮಾಹಿತಿಯೆಲ್ಲ ನಿಜ’ ಎಂಬ ಸಾಲಿರುತ್ತದೆ. ಅದರ ಕೆಳಗೆ ಸಾವಿರಾರು ಜನರಿಂದ ಸಹಿ ಹಾಕಿಸಿದವನು ನಾನು. ಕೆಟ್ಟ ಕಾಗದವನ್ನು ಮತ್ತೆ ಮಾಡಿಸಬಹುದು, ಆದರೆ ಅದು ಕೆಟ್ಟದ್ದು ಯಾರಿಂದ ಎಂಬುದನ್ನು ಆ ಕ್ಷಣದಲ್ಲೇ ಹೇಳಬೇಕು ಎಂದು ಈ ವೃತ್ತಿ ನನಗೆ ಕಲಿಸಿತು. ನಾನು ಮೂರು ವಾರ ತಡವಾಗಿ ಕಲಿತೆ. ಆ ಮೂರು ವಾರದ ಲೆಕ್ಕ ಕೆಂಪಮ್ಮ ಒಬ್ಬರಿಗೇ ಗೊತ್ತು.