ಚಾಚಿ ತಿಂದ ಡೇರೆಗಡ್ಡೆ

ಚಾಚಿಯ ಉಗುರ ತುದಿಯಲ್ಲಿ ಯಾವಾಗಲೂ ಮೆಹಂದಿಯ ಕೆಂಪು, ಅದರೊಳಗೆ ಗೊಬ್ಬರದ ಕಪ್ಪು. ಎಷ್ಟು ತಿಕ್ಕಿ ತೊಳೆದರೂ, ಈದ್ ಹಬ್ಬದ ದಿನವೂ, ಆ ಕಪ್ಪು ಹೋಗುತ್ತಿರಲಿಲ್ಲ.

ಬಂಗೂರನಗರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮಳೆ ನಿಂತದ್ದೇ ತಡ, ಚಾಚಿ ಡೇರೆ ಹೂವಿನ, ಅಂದರೆ ಡೇಲಿಯಾದ, ಗಡ್ಡೆ ಹೂಳುವರು. ಥಂಡಿ ಬೀಳುವಷ್ಟರಲ್ಲಿ ಅಂಗಳದ ತುಂಬ ತಾಟಿನಷ್ಟಗಲದ ಹೂ. ಮುಂಜಾನೆ ಮಂಜಿನಲ್ಲಿ ಶಾಲು ಹೊದ್ದು, ಬಾಗಿದ ಗಿಡಗಳಿಗೆ ಕೋಲು ಕಟ್ಟುತ್ತ ಬೈಯುವರು: "ನೆಟ್ಟಗ ನಿಲ್ಲಾಕ ಏನ್ ಧಾಡಿ ನಿನಗ?"

ನಾನು ಮೊದಲಿನಿಂದಲೂ ಅಂಜುಬುರುಕಿ. ಹಾವಿದ್ದೀತೆಂದು ಗಿಡದ ಬುಡಕ್ಕೆ ಕೈ ಹಾಕುವವಳಲ್ಲ. "ಎಲ್ಲಾದಕ್ಕೂ ಅಂಜತೀಯಲ್ಲ ಬೇಟಿ, ಹೆಂಗ ಬಾಳೇವು ಮಾಡ್ತಿ?" ಎಂದು ಚಾಚಿ ನಗುತ್ತಿದ್ದರು.

ಒಂದು ವರ್ಷ ಶಿವರಾತ್ರಿ ಕಳೆದು ಗಿಡಗಳು ಒಣಗಿದ ಮೇಲೆ ಗಡ್ಡೆ ಕಿತ್ತು, ತೊಳೆದು, ನೆರಳಲ್ಲಿ ಆರಿಸಿ ಬುಟ್ಟಿಗೆ ತುಂಬಿದರು. ಹಳಿಯಾಳದ ಮಗಳ ಮನೆಗೆ ಹೊರಟಾಗ, ಇಲಿ ತಿಂದಾವೆಂದು ಬುಟ್ಟಿಯನ್ನು ನಮ್ಮ ಮನೆಯವರ ಕೈಗೆ ಕೊಟ್ಟರು. ನಾನು ಸಂತೆಗೆ ಹೋಗಿದ್ದೆ. ಇವರು ಅದನ್ನು ಅಡಿಗೆಮನೆಯಲ್ಲಿಟ್ಟು, ನನಗೆ ಹೇಳದೆ ಡ್ಯೂಟಿಗೆ ಹೋದರು.

ಚಾಚಿಯ ಬುಟ್ಟಿ ನೋಡಿ, ಗೆಣಸು ಕಳಿಸಿದ್ದಾರೆಂದುಕೊಂಡೆ. ಏನಾದರೊಂದು ಕಳಿಸುವುದು ಅವರಿಗೆ ರೂಢಿ. ಬೆಲ್ಲ ಹಾಕಿ ಕುದಿಸಿದೆ. ನಾಲ್ಕು ವರ್ಷದ ಮಗಳು ಎರಡು ತಿಂದು, ಮೂರನೆಯದನ್ನು ಕಹಿಯೆಂದು ಉಗುಳಿದಳು. ಡ್ಯೂಟಿ ಮುಗಿಸಿ ಬಂದವರು ಒಲೆಯ ಮೇಲಿನ ಪಾತೇಲಿ ನೋಡಿ, "ಅವು ಚಾಚಿ ಹೂವಿನ ಗಡ್ಡಿ ಅಲ್ಲೇನ?" ಎಂದರು.

ಉಳಿದದ್ದನ್ನು ಡಬ್ಬಿಗೆ ಹಾಕಿಕೊಂಡು ದವಾಖಾನೆಗೆ ಓಡಿದೆವು. "ಇದು ವಿಷ ಹೌದೋ ಅಲ್ಲೋ ನನಗ ಖಾತ್ರಿ ಇಲ್ಲರಿ. ಸಂಜೀತನಕ ಇಲ್ಲೇ ಇರ್ರಿ, ನೋಡೂಣು," ಎಂದರು ಡಾಕ್ಟರು. ಮಗಳು ಆಕಳಿಸಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ನಿದ್ದೆ ಹೋದರೆ ಏಳುವಳೋ ಇಲ್ಲವೋ ಎಂದು ಅಲುಗಾಡಿಸಿ ಅಲುಗಾಡಿಸಿ ಮಾತಾಡಿಸಿದೆ. ನಾನೇ ಕೈಯಾರೆ ಉಣಿಸಿದ್ದೆ.

ಫೋನು ಮಾಡಿದ್ದಕ್ಕೆ ಚಾಚಿ ಸಿಕ್ಕ ಬಸ್ಸು ಹತ್ತಿ ಬಂದರು. ಬೈಯಲಿಲ್ಲ. ನನ್ನ ತೊಡೆಯ ಮೇಲಿದ್ದ ಡಬ್ಬಿ ತೆಗೆದು ಒಂದು ಗಡ್ಡೆ ಕಚ್ಚಿದರು, ಅಗಿದು ನುಂಗಿದರು. ಇನ್ನೊಂದನ್ನೂ ತಿಂದರು.

"ಏನೂ ಆಗಂಗಿಲ್ಲ. ಸಣ್ಣಾಕಿದ್ದಾಗ ನಾ ಇವನ್ನ ಭಾಳ ತಿಂದೇನಿ."

ನನ್ನ ಕೈ ಹಿಡಿದು ಪಕ್ಕದಲ್ಲಿ ಕೂತರು. ಆಗಲೇ ನಾನು ಮಗಳನ್ನು ಅಲುಗಾಡಿಸುವುದು ಬಿಟ್ಟದ್ದು. ಸಂಜೆ ಮಗಳು ಹಸಿವೆ ಎಂದು ಅತ್ತಳು. ಮನೆಗೆ ಬಂದೆವು. ಬುಟ್ಟಿಯ ತಳದಲ್ಲಿ ನಾಲ್ಕೇ ಗಡ್ಡೆ ಉಳಿದಿದ್ದವು. ಮುಂದಿನ ಥಂಡಿಗೆ ಚಾಚಿಯ ಅಂಗಳದಲ್ಲಿ ನಾಲ್ಕೇ ಗಿಡ.

ಮೊನ್ನೆಯ ಚಳಿಗಾಲದಲ್ಲಿ ಚಾಚಿ ಹಾಸಿಗೆ ಹಿಡಿದರು. ಗಿಡಗಳಿಗೆ ನಾನೇ ಕೋಲು ಕಟ್ಟಿದೆ, ಮೊದಲ ಹೂವನ್ನು ಅವರ ಕಿಟಕಿಯಲ್ಲಿಟ್ಟೆ. ಮಾತಾಡಿಸಬೇಕೆಂದು ಕೇಳಿದೆ: "ಸಣ್ಣವರಿದ್ದಾಗ ಈ ಗಡ್ಡಿ ಹಸೀದ ತಿಂತಿದ್ರೋ, ಕುದಿಸಿ ತಿಂತಿದ್ರೋ?"

ಚಾಚಿ ನನ್ನ ಮುಖ ಸವರಿದರು.

"ಎಂದೂ ತಿಂದಿದ್ದಿಲ್ಲ ಬೇಟಿ. ವಿಷ ಐತೋ ಇಲ್ಲೋ ನನಗೂ ಗೊತ್ತಿರಲಿಲ್ಲ. ನಿನ್ನ ಮಾರಿ ನೋಡಾಕ ಆಗಲಿಲ್ಲ. ಕೂಸಿಗೆ ಆಗೂದು ನನಗೂ ಆಗ್ಲಿ ಅಂತ ತಿಂದೆ. ನಾನೂ ಭಾಳ ಅಂಜಿದ್ದೆ."

ಯುಗಾದಿಗೆ ಇನ್ನೂ ವಾರವಿರುವಾಗ ಚಾಚಿ ಹೋದರು. ಅವರ ಗಡ್ಡೆಗಳನ್ನು ಈಗ ನಾನು ಕೀಳುತ್ತೇನೆ. ಮಣ್ಣೊಳಗೆ ಏನಿದೆಯೋ ಎಂದು ಇವತ್ತಿಗೂ ಅಂಜಿಕೆ. ಅಂಜುತ್ತಲೇ ಕೈ ಹಾಕುತ್ತೇನೆ.