ಮೇಲಕ್ಕೇರಿದ ಗೆರೆ

ಮುಪ್ಪಿನ ಬಗ್ಗೆ ಸಂಶೋಧನೆ ಮಾಡಿಸುತ್ತಿದ್ದ ಪ್ರೊಫೆಸರ್ ದೇವೇಂದ್ರಪ್ಪನವರಿಗೆ ತಮಗೂ ಮುಪ್ಪು ಬರುತ್ತದೆಂಬ ನಂಬಿಕೆ ಇರಲಿಲ್ಲ. ಬಸವೇಶ್ವರನಗರದಿಂದ ಕೆಂಗೇರಿಯ ಆಚೆಗಿನ ಕಾಲೇಜು ಮುಟ್ಟುವಷ್ಟರಲ್ಲಿ ಮೀಸೆಗೆ ಹಚ್ಚಿದ ಬಣ್ಣ ಬೆವರಿಗೆ ಕರಗಿ ತುಟಿಗಿಳಿದಿರುತ್ತಿತ್ತು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕಂಪ್ಯೂಟರ್ ಆನ್ ಮಾಡಲೂ ಅವರಿಗೆ ಅಟೆಂಡರ್ ಬೇಕು. ಆದರೂ 2004ರ ಹೊತ್ತಿಗೆ ‘ಕಂಪ್ಯೂಟರಿನಲ್ಲಿ ಮುಪ್ಪು’ ಎಂದು ಭಾಷಣ ಬಿಗಿಯುತ್ತ ತಿರುಗುತ್ತಿದ್ದರು.

ಕೆಲಸವೆಲ್ಲ ಅವರ ವಿದ್ಯಾರ್ಥಿನಿ ನೀಲಾಂಬಿಕಾಳದು. ಹಾವೇರಿ ಕಡೆಯವಳು, ಬಾಪೂಜಿ ನಗರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಳು. ನಮ್ಮ ಜೀವಕೋಶಗಳೊಳಗೆ ಕೆಟ್ಟ ಪ್ರೋಟೀನುಗಳನ್ನು ತುಂಡರಿಸುವ ಸೂಕ್ಷ್ಮ ಯಂತ್ರಗಳಿವೆ. ವಯಸ್ಸಾದಂತೆ ಅವು ನಿಧಾನವಾಗುತ್ತವೆ, ಕಸ ಗಂಟುಕಟ್ಟುತ್ತದೆ, ಆ ಗಂಟು ಯಂತ್ರದ ಬಾಯಿಗೇ ಸಿಕ್ಕಿಕೊಳ್ಳುತ್ತದೆ. ಇದನ್ನು ಅವಳು ಸಮೀಕರಣಗಳಲ್ಲಿ ಹಿಡಿದು ಪ್ರೋಗ್ರಾಂ ಬರೆದಿದ್ದಳು. ಗಂಟು ಬೆಳೆದ ಮೇಲೆ ಯಂತ್ರದ ವೇಗ ಹೆಚ್ಚಿಸಿದರೂ ಪ್ರಯೋಜನವಿಲ್ಲ ಎಂಬ ಉತ್ತರ ಬಂತು. ಜೀವಕೋಶದ ಚೊಕ್ಕಟತನ ತೋರಿಸುವ ಗ್ರಾಫಿನ ಗೆರೆ ಕೆಳಗಿಳಿಯುತ್ತಲೇ ಹೋಯಿತು.

ಪ್ರೊಫೆಸರರಿಗೆ ಅದು ಹಿಡಿಸಲಿಲ್ಲ. ಹೆಗ್ಗನಹಳ್ಳಿಯಲ್ಲಿ ಯೌವನದ ಪುಡಿ ತಯಾರಿಸುವ ರುದ್ರೇಶನಿಗೆ, ಅವನ ಪುಡಿ ಈ ಯಂತ್ರಗಳನ್ನು ಚುರುಕುಗೊಳಿಸಿ ಮುಪ್ಪು ಓಡಿಸುತ್ತದೆಂದು ಕಂಪ್ಯೂಟರಿನಲ್ಲೇ ತೋರಿಸಿಕೊಡುವುದಾಗಿ ಅವರು ಆಗಲೇ ಮಾತು ಕೊಟ್ಟಾಗಿತ್ತು.

“ಗೆರೆ ಕೆಳಕ್ಕೆ ಹೋಗ್ತಾ ಇದೆಯಲ್ಲಮ್ಮ. ಒಂದು ನಂಬರ್ ಚೇಂಜ್ ಮಾಡು, ಮೇಲಕ್ಕೆ ಬರುತ್ತೆ.”

“ಆ ನಂಬರು ಪ್ರಯೋಗದಾಗ ಬಂದದ್ದು ಸರ. ನಾ ಹೆಂಗ ಬದಲಿ ಮಾಡ್ಲಿ?”

“ಗೈಡ್ ಯಾರು, ನೀನಾ ನಾನಾ?”

ಅವಳು ಬದಲಿಸಲಿಲ್ಲ. ಅವರು ಬೇರೊಬ್ಬ ವಿದ್ಯಾರ್ಥಿಯ ಕೈಯಲ್ಲಿ ತಿದ್ದಿಸಿದರು.

ರಾಜಾಜಿನಗರದ ಕಲ್ಯಾಣ ಮಂಟಪವೊಂದರಲ್ಲಿ ಪುಡಿಯ ಬಿಡುಗಡೆ ನಡೆಯಿತು. ಪರದೆಯ ಮೇಲೆ ಗೆರೆ ಸರ್ರನೆ ಮೇಲಕ್ಕೇರಿತು. ಮುಂದಿನ ಸಾಲಿನಲ್ಲಿದ್ದ ಡಾಕ್ಟರ್ ಜಗದಾಂಬಾ ಎದ್ದು ನಿಂತರು.

“ಈ ಗೆರೆ ಪ್ರಕಾರ ತೊಂಬತ್ತರ ಮುದುಕ ಪುಡಿ ತಿಂದ್ರೆ, ಅವನ ಜೀವಕೋಶ ಆಗತಾನೆ ಹುಟ್ಟಿದ ಮಗೂದಕ್ಕಿಂತ ಚೊಕ್ಕಟವಾಗಿರುತ್ತಲ್ಲ ಸಾರ್?”

“ಅದೇ ಮೇಡಂ ನಮ್ಮ ಆವಿಷ್ಕಾರ,” ಎಂದರು ದೇವೇಂದ್ರಪ್ಪನವರು.

ಸಭೆ ಚಪ್ಪಾಳೆ ತಟ್ಟಿತು. ಹಿಂದೆ ಕೂತಿದ್ದ ನೀಲಾಂಬಿಕಾಳಿಗೆ ನಾಚಿಕೆಯಾಯಿತು. ಊಟಕ್ಕೂ ನಿಲ್ಲದೆ ಎದ್ದು ಹೋದಳು. ಮರುದಿನವೇ ಅವರ ಗೈಡುತನ ಬೇಡವೆಂದು ಬರೆದುಕೊಟ್ಟಳು.

ತಿದ್ದಿದ ಗೆರೆಯನ್ನಿಟ್ಟು ಪ್ರೊಫೆಸರರು ಬರೆದು ಕಳಿಸಿದ ಲೇಖನವನ್ನು ವಿದೇಶಿ ಪತ್ರಿಕೆ ಎರಡೇ ಸಾಲಿನಲ್ಲಿ ತಿರಸ್ಕರಿಸಿತು. “ಫಾರಿನ್‌ನೋರಿಗೆ ಹೊಟ್ಟೆಕಿಚ್ಚು,” ಎಂದ ದೇವೇಂದ್ರಪ್ಪನವರು ಮುಂದೆ ಅದೇ ಕಾಲೇಜಿಗೆ ಪ್ರಿನ್ಸಿಪಾಲರಾದರು. ಕಾಲೇಜಿಗೂ ಅಂಥವರೇ ಬೇಕಿತ್ತು.

ಹೊಸ ಗೈಡನ್ನು ಹುಡುಕಿಕೊಂಡು ನೀಲಾಂಬಿಕಾ 2008ರಲ್ಲಿ ಪಿಎಚ್.ಡಿ. ಮುಗಿಸಿದಳು. ವಿಜಯನಗರದ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದಳು. ತನ್ನ ಮೂಲ ಲೆಕ್ಕವನ್ನು ಸಣ್ಣ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದಳು. ಓದಿದವರು ಕಡಿಮೆ. ಪುಡಿ ಮಾತ್ರ ಮಾಗಡಿ ರಸ್ತೆಯ ಉದ್ದಕ್ಕೂ ಚೆನ್ನಾಗಿ ಖರ್ಚಾಗುತ್ತಿತ್ತು.