ಹೊಸಿಲಿಗೆ ಬಲಗಾಲು

ಬಾಪೂಜಿನಗರದಲ್ಲಿ ದಾನಮ್ಮನ ರೊಟ್ಟಿ ಅಂಗಡಿ ಗೊತ್ತಿಲ್ಲದವರಿಲ್ಲ. ರೊಟ್ಟಿಗಿಂತ ಅವಳ ಬಾಯಿಯೇ ಹೆಚ್ಚು ಹೆಸರುವಾಸಿ ಎನ್ನುವವರೂ ಇದ್ದಾರೆ. ರೊಟ್ಟಿ ದಪ್ಪಗಿದೆ ಎಂದು ಗೊಣಗಿದ ಗಿರಾಕಿಯ ಮುಂದಿನಿಂದ ತಟ್ಟೆಯನ್ನೇ ಎತ್ತಿಕೊಂಡು ಹೋದದ್ದೂ ಉಂಟು. ಬಾಗಲಕೋಟೆ ಕಡೆಯಿಂದ ಗಂಡ ಲಿಂಗಪ್ಪನ ಜೊತೆ ಬಂದು, ಒಂದೇ ಒಲೆ ಹೂಡಿ, ರೊಟ್ಟಿ ಬಡಿದೂ ಬಡಿದೂ ನಂದಿನಿ ಲೇಔಟಿನಲ್ಲಿ ಸಣ್ಣದೊಂದು ಮನೆ ಕಟ್ಟಿಸಿದ ಹೆಂಗಸು ಆಕೆ.

ಆ ಮನೆಗೆ ಬಣ್ಣ ಹೊಡೆಯುವ ಹೊತ್ತಿಗೆ ಆಕೆಗೆ ಲಕ್ವ ಹೊಡೆಯಿತು. ರೊಟ್ಟಿ ಬಡಿಯುತ್ತಿದ್ದವಳು ಕೂತಲ್ಲೇ ಬಲಕ್ಕೆ ವಾಲಿದಳು. ಆಸ್ಪತ್ರೆಯಿಂದ ಬಂದ ಮೇಲೆ ಮಾತು ಮರಳಿತು, ಕೈಯೂ ಅಷ್ಟಿಷ್ಟು ಆಡಿತು. ಬಲಗಾಲು ಮಾತ್ರ ಯಾರದೋ ಕಾಲಿನ ಹಾಗೆ ಎಳೆದಲ್ಲಿಗೆ ಬರುತ್ತಿತ್ತು. ಲಿಂಗಪ್ಪ ಪಾಪ, ಬಚ್ಚಲಿಗೂ ಬಾಗಿಲಿಗೂ ಅವಳನ್ನು ಎತ್ತಿಕೊಂಡೇ ಹೋದ. ದಾನಮ್ಮನಿಗೆ ಲಕ್ವಕ್ಕಿಂತ ಆ ಎತ್ತುವಿಕೆಯೇ ದೊಡ್ಡ ಸಂಕಟ. ಗೃಹಪ್ರವೇಶವನ್ನು ಮುಂದೆ ಹಾಕಿಸಿದಳು. ಹೊಸ ಮನೆಯ ಹೊಸಿಲನ್ನು ತನ್ನ ಕಾಲಿನಿಂದಲೇ ದಾಟಬೇಕು, ಅದೂ ಬಲಗಾಲು ಮುಂದಿಟ್ಟು. ಆಗದಿದ್ದರೆ ಆ ಮನೆಗೆ ಬರುವುದೇ ಇಲ್ಲ ಎಂದು ಹಟ ಹಿಡಿದಳು.

ರಾಜಾಜಿನಗರದ ಫಿಸಿಯೋಥೆರಪಿ ಕೇಂದ್ರವೊಂದಕ್ಕೆ ಕಾಲಿಗೆ ಕಟ್ಟುವ ರೋಬೋ ಯಂತ್ರ ಬಂದಿದೆಯೆಂದು ಯಾರೋ ಹೇಳಿದರು. ಸೊಂಟಕ್ಕೆ ಬ್ಯಾಟರಿಯ ಪಟ್ಟಿ, ತೊಡೆಗೂ ಮೀನಖಂಡಕ್ಕೂ ಬೆಲ್ಟು, ಮಂಡಿಯ ಪಕ್ಕ ಮೋಟಾರು, ಅಡಿಗೆ ಬೂಟಿನಂಥ ತಳ. ಕಾಲನ್ನು ಒಂದಿಷ್ಟು ಕದಲಿಸಿದರೆ ಸಾಕು, ಮಿಕ್ಕದ್ದನ್ನು ಅದು ಎತ್ತಿಕೊಡುತ್ತದೆ. ಅದನ್ನು ಕಟ್ಟಿ ನಡೆಸುವ ಥೆರಪಿಸ್ಟ್ ಗಿರಿರಾಜ್ ತಾಳ್ಮೆಯ ಮನುಷ್ಯ. ಮೊದಲ ದಿನ ಯಂತ್ರ ತನ್ನಷ್ಟಕ್ಕೆ ಕಾಲನ್ನು ಮುಂದಕ್ಕೆ ದೂಡಿದಾಗ ದಾನಮ್ಮ ಅದಕ್ಕೂ ನಾಲ್ಕು ಬೈದಳು.

ನೆಲದ ಮೇಲೆ ನಡೆಯುವುದು ಹೇಗೋ ಹಾದಿಗೆ ಬಂತು. ತಕರಾರು ಶುರುವಾದದ್ದು ಮೆಟ್ಟಿಲಿನಲ್ಲಿ. ಗಟ್ಟಿಯಿರುವ ಎಡಗಾಲು ಮೊದಲು ಏರಬೇಕು, ಸೋತ ಕಾಲು ಹಿಂದೆ ಬರಬೇಕು ಎಂದು ಗಿರಿರಾಜ್ ಪಾಠ ಹೇಳಿದ. ದಾನಮ್ಮ ಹೂಂಗುಟ್ಟಿ ಬಲಗಾಲನ್ನೇ ಎತ್ತಿದಳು. ಬೆರಳು ತಗುಲಿ ಮುಗ್ಗರಿಸಿದಳು. ಕಂಬಿ ಹಿಡಿಯದಿದ್ದರೆ ಹಲ್ಲು ಹೋಗುತ್ತಿತ್ತು. ಮರುದಿನವೂ ಅದೇ ರಾಮಾಯಣ.

"ಆಂಟಿ, ಎಡಗಾಲು ಅಂತ ಎಷ್ಟು ಸಲ ಹೇಳ್ಲಿ? ಬಿದ್ರೆ ಏನ್ ಗತಿ?" ಎಂದ ಗಿರಿರಾಜ್.

"ಎಡಗಾಲಿಟ್ಟು ಯಾರರ ಹೊಸ ಮನಿ ಹೊಗ್ತಾರೇನ್ರಿ? ಬಿದ್ರ ಏಳ್ತೀನಿ," ಎಂದಳು ದಾನಮ್ಮ.

ಇವಳ ತಲೆಯಲ್ಲಿರುವುದು ಮೆಟ್ಟಿಲಲ್ಲ, ಹೊಸಿಲು ಎಂದು ಅವನಿಗೆ ಹೊಳೆದದ್ದು ಆಗ. ಮೆಟ್ಟಿಲಾದರೆ ಇಡೀ ಮೈಯನ್ನು ಮೇಲಕ್ಕೆ ಎತ್ತಬೇಕು, ಹೊಸಿಲನ್ನು ದಾಟಿದರಾಯಿತು. ಗೊಣಗುತ್ತಲೇ ಯಂತ್ರ ಮಂಡಿಯನ್ನು ಇನ್ನಷ್ಟು ಎತ್ತುವಂತೆ ಹೊಂದಿಸಿ, ನೆಲದ ಮೇಲೆ ಅಡ್ಡಲಾಗಿ ಒಂದು ಮರದ ತುಂಡು ಇಟ್ಟ. ದಾನಮ್ಮ ಅದನ್ನು ಒದ್ದಳು, ಎಡವಿದಳು, ಬೈದಳು, ಕೊನೆಗೆ ದಾಟಿದಳು. ಅಂದೇ ಗೃಹಪ್ರವೇಶಕ್ಕೆ ದಿನ ಗೊತ್ತು ಮಾಡಿಸಿದಳು.

ಆ ಬೆಳಿಗ್ಗೆ ಗಿರಿರಾಜನೇ ಯಂತ್ರ ತಂದು ಕಚ್ಚೆ ಹಾಕಿ ಉಟ್ಟ ಇಳಕಲ್ ಸೀರೆಯ ಮೇಲೆ ಕಟ್ಟಿದ. ಬಾಗಿಲಿಗೆ ಬಂದರೆ ಲಿಂಗಪ್ಪನ ಅಣ್ಣ ಭರಮಪ್ಪ ಅಡ್ಡ ನಿಂತಿದ್ದ. ಮನೆತನದ ಹಿರಿಯ, ಅವನ ಮಾತು ಮೀರಿದವರಿಲ್ಲ. ಹಿರಿಯರಿಗೆ ಶಾಸ್ತ್ರ ನೆನಪಾಗುವುದೂ ಇಂಥ ಹೊತ್ತಿನಲ್ಲೇ. ಬೂಟು ಹಾಕಿಕೊಂಡು ಹೊಸ ಮನೆ ಹೊಗುವುದೆಂದರೇನು, ಅದನ್ನು ಬಿಚ್ಚಿ, ಲಿಂಗಪ್ಪ ಎತ್ತಿಕೊಂಡು ಹೋಗಿ ಒಳಗೆ ಕೂರಿಸಲಿ ಎಂದು ಅಪ್ಪಣೆ ಕೊಟ್ಟ. ಬಂದ ನೆಂಟರು ಹೌದು ಹೌದೆಂದು ತಲೆಯಾಡಿಸಿದರು.

ಮದುವೆಯಾಗಿ ಬಂದಂದಿನಿಂದ ದಾನಮ್ಮ ಭಾವನೆದುರು ತಲೆತುಂಬ ಸೆರಗು ಹೊದ್ದು, ಏನಿದ್ದರೂ ಗಂಡನ ಬಾಯಲ್ಲೇ ಹೇಳಿಸಿದವಳು. ಈಗಲೂ ಗಂಡನತ್ತ ತಿರುಗಿದಳು.

"ಹೇಳ್ರಿ ನಿಮ್ಮಣ್ಣಗ. ಇದು ಬೂಟಲ್ಲ, ನನ್ನ ಕಾಲು."

ಲಿಂಗಪ್ಪ ಬಗ್ಗಿದಾಗ ಹೆಂಡತಿಯನ್ನು ಎತ್ತುತ್ತಾನೆಂದೇ ಎಲ್ಲರೂ ತಿಳಿದರು. ಅವನು ಅವಳ ಕಾಲ ಬಳಿ ಕೂತ. ಬಾಗಿಲಲ್ಲಿದ್ದ ತಂಬಿಗೆಯಿಂದ ಎಡಗಾಲಿಗೆ ನೀರು ಹಾಕಿದ. ಬಲಗಾಲಿಗೂ ಹಾಕಲು ಹೋದಾಗ ಗಿರಿರಾಜ್ ಗಾಬರಿಯಾಗಿ, ಮೋಟಾರಿಗೆ ನೀರು ಬೀಳಬಾರದು ಎಂದ. ಲಿಂಗಪ್ಪ ಹೆಗಲ ಮೇಲಿನ ಹೊಸ ಟವೆಲನ್ನು ಒದ್ದೆ ಮಾಡಿಕೊಂಡು, ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟು, ಬೂಟಿನ ತಳವನ್ನು ತಿಕ್ಕಿ ತಿಕ್ಕಿ ಒರೆಸಿದ. ನಾಲ್ಕು ಜನರೆದುರು ಗಂಡಸು ಹೆಂಡತಿಯ ಕಾಲು ಹಿಡಿದದ್ದನ್ನು ಆ ಮನೆತನ ಕಂಡಿರಲಿಲ್ಲ. ಗಿರಿರಾಜನ ಹೆಗಲು ಹಿಡಿದು ನಿಂತಿದ್ದ ದಾನಮ್ಮನ ಕಣ್ಣು ತುಂಬಿ ಬಂತು. ಗಂಡನ ಮೇಲೆ ಅಷ್ಟು ಪ್ರೀತಿ ಉಕ್ಕಿ ಎಷ್ಟೋ ವರ್ಷವಾಗಿತ್ತು.

"ದಾರಿ ಬಿಡ್ರಿ ಭಾವಾರ," ಎಂದಳು.

ಭರಮಪ್ಪನಿಗೆ ಅವಳ ದನಿ ನೇರ ತನ್ನ ಕಡೆಗೇ ಬಂದದ್ದು ಅರಗಲು ಹೊತ್ತು ಹಿಡಿಯಿತು. ತಬ್ಬಿಬ್ಬಾಗಿ ಪಕ್ಕಕ್ಕೆ ಸರಿದ.

ದಾನಮ್ಮ ಬಲಗಾಲು ಎತ್ತಿದಳು. ಮೋಟಾರು ಗುಂಯ್ ಎಂದಿತು. ಪಾದ ಅರಿಸಿನ ಬಳಿದ ಹೊಸಿಲನ್ನು ಹಾದು ಒಳಗಿನ ನೆಲದ ಮೇಲೆ ಧಪ್ಪೆಂದು ಬಿತ್ತು. ಮೈ ಒಮ್ಮೆ ಜೋಲಿ ಹೊಡೆಯಿತು. ಗಿರಿರಾಜ್ ಕೈ ಚಾಚಿದ. ಅದನ್ನು ತಳ್ಳಿ, ಬಾಗಿಲ ಚೌಕಟ್ಟು ಹಿಡಿದು, ಎಡಗಾಲನ್ನೂ ಒಳಗೆಳೆದುಕೊಂಡಳು. ಅಲ್ಲೇ ನಿಧಾನಕ್ಕೆ ಹೊರಳಿ ನಿಂತಳು. ತಲೆಯ ಮೇಲಿನ ಸೆರಗು ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ.

"ಹೊರಗ್ಯಾಕ ನಿಂತೀರಿ ಭಾವಾರ? ನಮ್ಮ ಮನಿ ಇದು. ಕಾಲು ತೊಳಕೊಂಡು ಒಳಗ ಬರ್ರಿ."

ಭರಮಪ್ಪ ಸುತ್ತ ನಿಂತ ನೆಂಟರನ್ನು ಒಮ್ಮೆ ನೋಡಿದ. ಆಮೇಲೆ ತಂಬಿಗೆಗೆ ಬಗ್ಗಿದ.